‘ಕಷ್ಟ’ದ ಪೆಟ್ಟಿಗೆ: 120 ಇಂಗ್ಲಿಷ್–ರೊಮೇನಿಯನ್ ಕಾರ್ಡು, ಏಳು ವಾರ, ಮೂರು ಸಲ ಪ್ರಿಂಟು

ಪೆಟ್ಟಿಗೆ ಕೊನೆಗೂ ನಮ್ಮ ಕೆಳಗಿನ ಮನೆಗೆ ಹೋಯಿತು. ಒಳಗೆ ಪದ ಕಲಿಯುವ 120 ಕಾರ್ಡು, ಒಂದು ಮಗ್ಗುಲು ಇಂಗ್ಲಿಷ್, ಇನ್ನೊಂದು ಮಗ್ಗುಲು ರೊಮೇನಿಯನ್. ಅದರಲ್ಲಿ 117 ಸರಿ ಇವೆ, ಮೂರು ಇನ್ನೂ ಖಾಲಿ. ಒಟ್ಟು ಖರ್ಚು 225 ಲೇಯ್ (ರೊಮೇನಿಯಾದ ಹಣ, ಒಂದೇ ಆದರೆ ಲೆಉ), ನಮ್ಮ ದುಡ್ಡಲ್ಲಿ ಸುಮಾರು ನಾಲ್ಕು ಸಾವಿರ ರೂಪಾಯಿ. ಹಾಳಾದ ಹಾಳೆಗಳ ಬೆಲೆಯೂ ಸೇರಿ 89 ಲೇಯ್ ನೇರವಾಗಿ ಕಸದ ಬುಟ್ಟಿಗೆ ಹೋಗಿದೆ. ಬೇರೆ ಯಾರಾದರೂ ಇಂಥದ್ದೇ ಮಾಡಲು ಹೊರಟರೆ ಆ 89 ಆದರೂ ಉಳಿಯಲಿ ಅಂತ ಬರೆದಿಡುತ್ತಿದ್ದೇನೆ.

ನಾನಿರುವುದು ರೊಮೇನಿಯಾದ ಕ್ಲುಜ್-ನಪೋಕಾದಲ್ಲಿ, ಮನಶ್ತುರ್ ಬಡಾವಣೆಯ ಒಂದು ಹಳೇ ಬ್ಲಾಕಿನಲ್ಲಿ. ಕೆಲಸ ಸಾಫ್ಟ್‌ವೇರ್ ಟೆಸ್ಟಿಂಗ್. ಭಾಷಾ ಮೇಷ್ಟ್ರಲ್ಲ. ಮೂರು ವರ್ಷವಾದರೂ ನನ್ನ ರೊಮೇನಿಯನ್ ಅಂಗಡಿ, ಬಸ್ಸು, ಲಿಫ್ಟು ಇಷ್ಟಕ್ಕೆ ಸಾಕಾಗುತ್ತದೆ. ಕೆಳಮನೆಯಲ್ಲಿ ಒಬ್ಬರು ಅಜ್ಜಿ, ಅವರ ಮೊಮ್ಮಗಳು. ಹುಡುಗಿ ಈ ಬೇಸಿಗೆಗೆ ಕೇಂಬ್ರಿಡ್ಜ್ ಬಿ2 ಫಸ್ಟ್ ಅನ್ನುವ ಇಂಗ್ಲಿಷ್ ಪರೀಕ್ಷೆ ಬರೆಯಬೇಕು. ಅವಳ ಇಂಗ್ಲಿಷ್ ಚೆನ್ನಾಗಿಯೇ ಇದೆ. ಆದರೆ ಏನಾದರೂ ಕಷ್ಟದ್ದು ಬರೆಯಬೇಕಾದಾಗ ಬರೀ ‘ಹಾರ್ಡ್’, ‘ವೆರಿ ಹಾರ್ಡ್’, ‘ವೆರಿ ವೆರಿ ಹಾರ್ಡ್’. ಒಂದು ಪ್ರಬಂಧ ತೋರಿಸಿದಳು. ಒಂದು ಪುಟದಲ್ಲಿ ಒಂಬತ್ತು ಸಲ ಹಾರ್ಡ್ ಇತ್ತು. ‘ಕಷ್ಟದ ಪದಗಳಿಗೆ ಒಂದು ಕಾರ್ಡು ಸೆಟ್ ಮಾಡಿಕೊಡ್ತೀನಿ, ನನ್ನ ರೊಮೇನಿಯನ್ನೂ ಸ್ವಲ್ಪ ಸುಧಾರಿಸುತ್ತೆ’ ಅಂದೆ. ಎರಡು ವಾರದ ಕೆಲಸ ಅಂದುಕೊಂಡಿದ್ದೆ.

ಜನವರಿ 11, ಶನಿವಾರ. ಪಟ್ಟಿ

ಎ4 ಹಾಳೆಯನ್ನು ಎಂಟು ಭಾಗ ಮಾಡಿದರೆ ಒಂದೊಂದು 105 ಮಿ.ಮೀ. ಅಗಲ, 74 ಮಿ.ಮೀ. ಎತ್ತರ ಬರುತ್ತದೆ. ಕೈಯಲ್ಲಿ ಹಿಡಿಯಲು ಹದವಾದ ಅಳತೆ. ಹನ್ನೆರಡು ಹಾಳೆಗೆ 96 ಕಾರ್ಡು. ಸರಿ, 96 ಪದ ಸಾಕು ಅಂತ ತೀರ್ಮಾನಿಸಿದೆ.

ಮೊದಲ ತಪ್ಪು ಇಲ್ಲೇ. ಎಷ್ಟು ಪದ ಬೇಕು ಅನ್ನುವುದನ್ನು ಕಾಗದ ನೋಡಿ ನಿರ್ಧರಿಸಿದೆ, ಪದ ನೋಡಿ ಅಲ್ಲ.

ಪಟ್ಟಿ ಮಾಡಲು ಮೂರು ಕಡೆಯಿಂದ ತಂದೆ: ಹುಡುಗಿಯ ಶಾಲೆಯ ನೋಟ್‌ಬುಕ್ಕು, ಅಜ್ಜಿಯ ಹಳೇ ನಿಘಂಟು, ನಾನು ಇಳಿಸಿಕೊಂಡ ಎರಡು ಪದಪಟ್ಟಿ ಫೈಲು. ಎಡಗಡೆ ಇಂಗ್ಲಿಷ್, ಬಲಗಡೆ ರೊಮೇನಿಯನ್. ಹಾರ್ಡ್ ಅಂದರೆ ಗ್ರೆಉ. ಡಿಫಿಕಲ್ಟ್ ಅಂದರೆ ದಿಫಿಚಿಲ್. ಆರ್ಡ್ಯುಅಸ್ ಅಂದರೆ ಅನೆವೊಯೋಸ್. ಟ್ರಬಲ್ ಅಂದರೆ ಬೆಲ್ಯಾ. ಅಬ್‌ಸ್ಟಕಲ್ ಅಂದರೆ ಒಬ್‌ಸ್ತಾಕೊಲ್. ಒಂದು ಸಂಜೆಗೆ 96 ಸಾಲು ಮುಗಿಯಿತು. ಇಷ್ಟು ಬೇಗ ಮುಗಿದಾಗಲೇ ಅನುಮಾನ ಬರಬೇಕಿತ್ತು, ಬರಲಿಲ್ಲ.

ಜನವರಿ 18. ಅಕ್ಷರದ ಕಾಟ

ಫೋನಿನಲ್ಲೂ ಓದಲಿ ಅಂತ ಅದೇ ಪಟ್ಟಿಯನ್ನು ಕಾರ್ಡು ತೋರಿಸಿ ಕಲಿಸುವ ಆಂಕಿ ಆ್ಯಪಿಗೆ ಹಾಕಲು ಹೊರಟೆ. ಪಟ್ಟಿಯನ್ನು ಸಿಎಸ್‌ವಿ (ಸಾದಾ ಪಠ್ಯದ ಪಟ್ಟಿ ಫೈಲು) ಮಾಡಿ ಮತ್ತೆ ತೆರೆದರೆ ರೊಮೇನಿಯನ್ನಿನ ವಿಶೇಷ ಅಕ್ಷರಗಳೆಲ್ಲ ಚಿತ್ರಾನ್ನ. ಇದು ಹಳೇ ಗೆಳೆಯ, ಗೊತ್ತಿತ್ತು. ಯುಟಿಎಫ್-8 (ಎಲ್ಲ ಭಾಷೆಯ ಅಕ್ಷರಗಳನ್ನೂ ಉಳಿಸುವ ಪದ್ಧತಿ) ಅಂತ ಆರಿಸಿ ಉಳಿಸಿದೆ, ಸರಿಹೋಯಿತು.

ಎರಡನೆಯದು ಗೊತ್ತಿರಲಿಲ್ಲ. ಅದಕ್ಕೆ ಇಡೀ ಭಾನುವಾರ ಹೋಯಿತು.

ರೊಮೇನಿಯನ್‌ನಲ್ಲಿ ‘ಶ’ ಸದ್ದಿಗೆ ಎಸ್ ಅಕ್ಷರದ ಕೆಳಗೆ, ‘ತ್ಸ’ ಸದ್ದಿಗೆ ಟಿ ಅಕ್ಷರದ ಕೆಳಗೆ ಒಂದು ಸಣ್ಣ ಕಾಮಾ ಬರುತ್ತದೆ. ಆ ಕಾಮಾ ಅಕ್ಷರಕ್ಕೆ ಅಂಟಿರಬಾರದು, ಸ್ವಲ್ಪ ಬಿಟ್ಟಿರಬೇಕು. ಕಂಪ್ಯೂಟರಿನಲ್ಲಿ ಇವಕ್ಕೆ ತಮ್ಮದೇ ಜಾಗ ಸಿಕ್ಕಿದ್ದು 1999ರಲ್ಲಿ, ಎಲ್ಲ ಭಾಷೆಯ ಅಕ್ಷರಗಳಿಗೂ ಒಂದೊಂದು ಸಂಖ್ಯೆ ಕೊಡುವ ಯೂನಿಕೋಡ್ ಪದ್ಧತಿಯ 3.0 ಆವೃತ್ತಿ ಬಂದಾಗ. ಅದಕ್ಕೂ ಮೊದಲು, ಆಮೇಲೂ ಬಹಳ ವರ್ಷ, ಜನ ಅಂಟಿದ ಬಾಲದ ಅಕ್ಷರವನ್ನೇ ಬಳಸುತ್ತಿದ್ದರು. ಟರ್ಕಿ ಭಾಷೆಯ ಎಸ್‌ಗೆ ಇರುವಂಥ ಬಾಲ. ಕಣ್ಣಿಗೆ ಎರಡೂ ಒಂದೇ ಥರ. ಕಂಪ್ಯೂಟರಿಗೆ ಎರಡೂ ಬೇರೆ ಬೇರೆ.

ನಾನು ಇಳಿಸಿಕೊಂಡ ಫೈಲುಗಳಲ್ಲಿ ಬಾಲ ಇತ್ತು. ನಾನು ಫೋನಿನಲ್ಲಿ ಟೈಪ್ ಮಾಡಿದ್ದರಲ್ಲಿ ಕಾಮಾ ಇತ್ತು. ಹಾಗಾಗಿ ಒಂದೇ ಪದ ಎರಡೆರಡು ಸಲ ಸೇರಿಕೊಂಡಿತ್ತು. ಹುಡುಕಿದರೆ ಒಂದು ಸಿಗುತ್ತದೆ, ಇನ್ನೊಂದು ಸಿಗುವುದಿಲ್ಲ. ನುಡಿಯಲ್ಲೋ ಬರಹದಲ್ಲೋ ಟೈಪ್ ಮಾಡಿದ ಹಳೇ ಕನ್ನಡ ಫೈಲನ್ನು ಯೂನಿಕೋಡಿಗೆ ತಂದವರಿಗೆ ಈ ಹೊಟ್ಟೆಯುರಿ ಗೊತ್ತಿರುತ್ತದೆ. ಇಲ್ಲಿ ಪುಣ್ಯಕ್ಕೆ ನಾಲ್ಕೇ ಅಕ್ಷರ: ಎರಡು ಸಣ್ಣವು, ಎರಡು ದೊಡ್ಡವು. ನಾಲ್ಕು ಸಲ ಹುಡುಕಿ-ಬದಲಿಸು ಒತ್ತಿದರೆ ಮುಗಿಯಿತು. ಕಾರಣ ಕಂಡುಹಿಡಿಯಲು ಐದು ಗಂಟೆ, ಸರಿಪಡಿಸಲು ಎರಡು ನಿಮಿಷ.

ಅಷ್ಟಾದರೂ ಕೆಲವು ಪದ ಎರಡೆರಡು ಉಳಿದವು. ನೋಡಿದರೆ ಅವು ಅಜ್ಜಿಯ ನಿಘಂಟಿನಿಂದ ಬಂದವು. ಗಂಟಲೊಳಗಿಂದ ಬರುವ ಒಂದು ‘ಇ’ ಸದ್ದು ಈ ಭಾಷೆಯಲ್ಲಿದೆ. ಪದದ ನಡುವೆ ಅದನ್ನು ಟೊಪ್ಪಿ ಇಟ್ಟ ಎ ಅಕ್ಷರದಿಂದ ಬರೆಯಬೇಕು ಅಂತ 1993ರಲ್ಲಿ ರೊಮೇನಿಯನ್ ಅಕಾಡೆಮಿ ತೀರ್ಮಾನಿಸಿತು. ಅಜ್ಜಿಯ ನಿಘಂಟು ಅದಕ್ಕಿಂತ ಹಳೆಯದು, ಅದರಲ್ಲಿ ಟೊಪ್ಪಿ ಇಟ್ಟ ಐ. ಇವನ್ನು ಒಂದೊಂದಾಗಿ ಕೈಯಲ್ಲೇ ತಿದ್ದಿದೆ. ‘ಹಳೇದೇ ಸರಿ’ ಅಂತ ಅಜ್ಜಿಯ ವಾದ. ವಾದ ಮಾಡುವಷ್ಟು ರೊಮೇನಿಯನ್ ನನಗೆ ಬರುವುದಿಲ್ಲ, ಸುಮ್ನೆ ತಲೆ ಆಡಿಸಿದೆ.

ಜನವರಿ 25. ಮೊದಲ ಪ್ರಿಂಟು, ಪೂರ್ತಿ ಹಾಳು

250 ಜಿಎಸ್‌ಎಂ ದಪ್ಪ ಹಾಳೆ, 20ರ ಕಟ್ಟು 22 ಲೇಯ್. ಎರಡು ಕಟ್ಟು ತಂದೆ. ಮನೆಯ ಪ್ರಿಂಟರು ಇಷ್ಟು ದಪ್ಪ ಹಾಳೆ ಎಳೆಯುವುದಿಲ್ಲ, ಹಾಗಾಗಿ ಜೆರಾಕ್ಸ್ ಅಂಗಡಿಗೆ ಹೋದೆ. ಇಲ್ಲಿಯೂ ಜನ ಅದಕ್ಕೆ ಹಾಗೇ ಅನ್ನುತ್ತಾರೆ, ಉಚ್ಚಾರ ಮಾತ್ರ ‘ಕ್ಸೆರೊಕ್ಸ್’. ಒಂದು ಮಗ್ಗುಲಿಗೆ 1 ಲೆಉ. ಹನ್ನೆರಡು ಹಾಳೆ, ಎರಡು ಮಗ್ಗುಲು, 24 ಲೇಯ್.

ಮನೆಗೆ ಬಂದು ಒಂದು ಹಾಳೆ ಕತ್ತರಿಸಿ ತಿರುಗಿಸಿದೆ. ಮುಂದೆ ‘ಪ್ಲೈಟ್’, ಹಿಂದೆ ‘ಒಬ್‌ಸ್ತಾಕೊಲ್’. ಅದೂ ತಲೆಕೆಳಗು.

ಎರಡು ತಪ್ಪು ಒಟ್ಟಿಗೆ ಆಗಿದ್ದವು. ಒಂದು ನನ್ನದು: ಹಾಳೆಯಲ್ಲಿ ಎರಡು ಕಂಬಸಾಲು. ಹಾಳೆ ತಿರುಗಿಸಿದಾಗ ಎಡ ಬಲವಾಗುತ್ತದೆ, ಬಲ ಎಡವಾಗುತ್ತದೆ. ಹಿಂದಿನ ಮಗ್ಗುಲಿನಲ್ಲಿ ಸಾಲುಗಳನ್ನು ಅದಲುಬದಲು ಮಾಡಿರಬೇಕು, ಮಾಡಿರಲಿಲ್ಲ. ಇನ್ನೊಂದು, ಪ್ರಿಂಟಿನಲ್ಲಿ ಹಾಳೆಯನ್ನು ಉದ್ದದ ಅಂಚಿನ ಮೇಲೆ ತಿರುಗಿಸುವ ಬದಲು ಗಿಡ್ಡ ಅಂಚಿನ ಮೇಲೆ ತಿರುಗಿಸಲಾಗಿತ್ತು. ಅದನ್ನು ಹೇಳದೇ ಇದ್ದವನೂ ನಾನೇ. ಮೊದಲು ಒಂದೇ ಒಂದು ಹಾಳೆ ತೆಗೆಸಿ ನೋಡಿದ್ದರೆ 2 ಲೇಯ್‌ಗೆ ಪಾಠ ಮುಗಿಯುತ್ತಿತ್ತು. ದಿನವಿಡೀ ಬೇರೆಯವರ ಕೋಡನ್ನು ‘ಸಣ್ಣದಾಗಿ ಟೆಸ್ಟ್ ಮಾಡಿ’ ಅಂತ ವಾಪಸ್ ಕಳಿಸುವವನು ನಾನು.

ಮರುದಿನವೇ ಎರಡನೇ ಪ್ರಿಂಟು. ಈ ಸಲ ಸಾಲು ಅದಲುಬದಲು, ಉದ್ದದ ಅಂಚು, ಮೊದಲು ಒಂದು ಹಾಳೆ. ಹಿಂದೆ-ಮುಂದೆ ಎರಡು ಮಿ.ಮೀ. ಜಾರುತ್ತದೆ ಅಂತ ಆಗ ಗೊತ್ತಾಯಿತು. ಅದಕ್ಕೆ ಪ್ರತಿ ಕಾರ್ಡಿನ ಸುತ್ತ 8 ಮಿ.ಮೀ. ಖಾಲಿ ಬಿಟ್ಟೆ. ಮತ್ತೆ 24 ಲೇಯ್.

ಫೆಬ್ರವರಿ 1. ಕತ್ತರಿಸಿದ್ದು, ಲ್ಯಾಮಿನೇಷನ್, ಪೆಟ್ಟಿಗೆ

ಪೇಪರ್ ಕಟ್ಟರ್ 69 ಲೇಯ್. ಇದು ದಂಡ ಅಲ್ಲ, ಮನೆಯಲ್ಲಿ ಉಳಿಯುತ್ತದೆ. ಮೂರು ಹಾಳೆ ಒಟ್ಟಿಗೆ ಇಟ್ಟು ಕತ್ತರಿಸಿದರೆ ಕೆಳಗಿನದು ಒಂದೂವರೆ ಮಿ.ಮೀ. ಓರೆಯಾಗುತ್ತದೆ. ಒಂದೊಂದೇ ಇಡಿ. ಹಾಳೆಗೆ ಏಳು ಕಡಿತ.

ಲ್ಯಾಮಿನೇಷನ್ ಮಾಡಿದರೆ ಬಾಳಿಕೆ ಬರುತ್ತದೆ ಅಂತ 125 ಮೈಕ್ರಾನಿನ ಚೀಲ ಹತ್ತು ತಂದೆ, 15 ಲೇಯ್. ಮಷೀನು ಸಹೋದ್ಯೋಗಿಯದು. ಹಾಳೆಯನ್ನು ಲ್ಯಾಮಿನೇಟ್ ಮಾಡಿ ಆಮೇಲೆ ಕತ್ತರಿಸಿದೆ. ಎರಡು ದಿನಕ್ಕೆ ಅಂಚುಗಳು ಬಿಟ್ಟುಕೊಂಡು ಹಲಸಿನ ತೊಳೆ ಥರ ಬಾಯಿ ತೆರೆದವು. ಮೊದಲು ಕತ್ತರಿಸಿ, ನಡುವೆ ಜಾಗ ಬಿಟ್ಟು ಚೀಲದೊಳಗೆ ಜೋಡಿಸಿ, ಆಮೇಲೆ ಬಿಸಿ ಮಾಡಬೇಕಿತ್ತು. ಆದರೆ ಹಾಗೆ ಮಾಡಿದರೂ ಪೆನ್ಸಿಲ್‌ನಲ್ಲಿ ತಿದ್ದಲು ಆಗುವುದಿಲ್ಲ. ಲ್ಯಾಮಿನೇಷನ್ ಕೈಬಿಟ್ಟೆ. ಆಮೇಲೆ ಎಷ್ಟು ತಿದ್ದುಪಡಿ ಬಂತು ಅಂತ ನೋಡಿದರೆ ಬಿಟ್ಟಿದ್ದೇ ಒಳ್ಳೇದಾಯಿತು.

ಪೆಟ್ಟಿಗೆಗೆ 5 ಮಿ.ಮೀ. ಫೋಮ್ ಬೋರ್ಡು, 50 × 70 ಸೆಂ.ಮೀ., 19 ಲೇಯ್. ಸೆಬಾಸ್ಟಿಯನ್ ಲೈಟ್ನರ್ ಅನ್ನುವ ಪತ್ರಕರ್ತ 1970ರ ದಶಕದಲ್ಲಿ ಜನಪ್ರಿಯ ಮಾಡಿದ ಐದು ಮನೆಯ ಪೆಟ್ಟಿಗೆ. ಉತ್ತರ ಸರಿಯಾದರೆ ಕಾರ್ಡು ಮುಂದಿನ ಮನೆಗೆ, ತಪ್ಪಾದರೆ ಮತ್ತೆ ಮೊದಲ ಮನೆಗೆ. ಚೌಕಾಬಾರ ಆಡಿದವರಿಗೆ ಬೇರೆ ವಿವರಣೆ ಬೇಡ.

ಉದ್ದ 30 ಸೆಂ.ಮೀ. ಇಟ್ಟು ಕತ್ತರಿಸಿ ಅಂಟಿಸಿದೆ. ಕಾರ್ಡು ಹಾಕಿದರೆ ಎಲ್ಲವೂ ಮಲಗಿಬಿಟ್ಟವು. ಒಂದು ಕಾರ್ಡಿನ ದಪ್ಪ ಸುಮಾರು 0.3 ಮಿ.ಮೀ. 96 ಸೇರಿದರೂ 3 ಸೆಂ.ಮೀ. ಆಗುವುದಿಲ್ಲ. ಅದಕ್ಕೆ ಒಂದು ಅಡಿ ಪೆಟ್ಟಿಗೆ! ಬಿಚ್ಚಿ 12 ಸೆಂ.ಮೀ.ಗೆ ಇಳಿಸಿದೆ. ಒಳಗಿನ ಅಗಲ 11, ಗೋಡೆಯ ಎತ್ತರ 6. ಕಾರ್ಡಿನ ತಲೆ ಸ್ವಲ್ಪ ಹೊರಗೆ ಕಂಡರೆ ಬೆರಳಿಗೆ ಸುಲಭ.

ಫೆಬ್ರವರಿ 8. ಮೊಟ್ಟೆ

ಇಷ್ಟು ಹೊತ್ತೂ ಕಾಗದ, ಅಂಟು, ಅಳತೆ ಇವೇ ನನ್ನ ತೊಂದರೆ ಅಂದುಕೊಂಡಿದ್ದೆ. ಪೆಟ್ಟಿಗೆ ತಗೊಂಡು ಕೆಳಗೆ ಹೋದೆ. ಅಡುಗೆಮನೆಯ ಮೇಜಿನ ಮೇಲೆ ಅಜ್ಜಿ ಬ್ರೆಡ್ಡು, ಚೀಸು, ಬೇಯಿಸಿದ ಮೊಟ್ಟೆ ಇಟ್ಟರು. ಮೊಟ್ಟೆ ತೋರಿಸಿ ‘ಒಉ ತಾರೆ’ ಅಂದರು. ಹುಡುಗಿಗೆ ಸುಮ್ನೆ ಕೇಳಿದೆ, ಇದಕ್ಕೆ ಇಂಗ್ಲಿಷ್‌ನಲ್ಲಿ ಏನು? ಅವಳು ಒಂದು ಕ್ಷಣ ಯೋಚಿಸಿ ‘ಸ್ಟ್ರಾಂಗ್ ಎಗ್’ ಅಂದಳು.

ತಪ್ಪು ಅವಳದಲ್ಲ. ತಾರೆ ಅಂದರೆ ಬಲವಾದದ್ದು ಅಂತಲೂ ಹೌದು. ನನ್ನ ಹಾರ್ಡ್ ಕಾರ್ಡಿನ ಹಿಂದೆ ಗ್ರೆಉ ಅಂತ ಒಂದೇ ಪದ ಇತ್ತು. ತಾರೆ ಅದರಲ್ಲಿ ಇರಲೇ ಇಲ್ಲ. ಹಾರ್ಡ್ ಬಾಯ್ಲ್ಡ್ ಎಗ್ ಅನ್ನು ನನ್ನ ಕಾರ್ಡು ನೋಡಿ ರೊಮೇನಿಯನ್ ಮಾಡಿದರೆ ‘ಭಾರದ ಮೊಟ್ಟೆ’ ಆಗುತ್ತಿತ್ತು. ಯಾಕೆಂದರೆ ಗ್ರೆಉ ಅಂದರೆ ಮೊದಲು ತೂಕ. ಮಾರ್ಕೆಟ್ಟಿನ ತುಂಬಿದ ಚೀಲವೂ ಗ್ರೆಆ (ಗ್ರೆಉನ ಸ್ತ್ರೀಲಿಂಗ ರೂಪ), ಲೆಕ್ಕದ ಪ್ರಶ್ನೆಯೂ ಗ್ರೆಆ. ಗ್ರೆಉತಾತೆ ಅಂದರೆ ತಕ್ಕಡಿಯ ತೂಕವೂ ಹೌದು, ಬದುಕಿನ ಕಷ್ಟವೂ ಹೌದು.

ಮೂವರೂ ಕೂತು ಹಾರ್ಡ್ ಒಂದನ್ನೇ ಬಿಡಿಸಿದೆವು. ಕಷ್ಟದ ಪ್ರಶ್ನೆ ‘ಇನ್ತ್ರೆಬಾರೆ ಗ್ರೆಆ’. ಕಷ್ಟಕಾಲ ‘ವ್ರೆಮುರ್ ಗ್ರೆಲೆ’. ಗಟ್ಟಿ ಬೆಂದ ಮೊಟ್ಟೆ ‘ಒಉ ತಾರೆ’. ಬಿಸಿಬಿಸಿ ಇಳಿಯುವ ಮದ್ಯ ‘ಬಉತುರ ತಾರೆ’. ಗಡಸು ನೀರು ‘ಆಪ ದುರ’. ಡಾಲರು-ಯೂರೋದಂಥ ಹಾರ್ಡ್ ಕರೆನ್ಸಿ ‘ವಾಲುತ ಫೋರ್ತೆ’. ಹಾರ್ಡ್‌ವರ್ಕಿಂಗ್ ಮನುಷ್ಯ ಇದ್ಯಾವುದೂ ಅಲ್ಲ, ‘ಹಾರ್ನಿಕ್’. ಕಿವಿ ಮಂದ ಇದ್ದವರು ಇಂಗ್ಲಿಷ್‌ನಲ್ಲಿ ಹಾರ್ಡ್ ಆಫ್ ಹಿಯರಿಂಗ್, ರೊಮೇನಿಯನ್‌ನಲ್ಲಿ ‘ತಾರೆ ದೆ ಉರೇಕೆ’, ಅಂದರೆ ಕಿವಿ ಗಟ್ಟಿ. ಎಂಟು ಕಾರ್ಡು. ಒಂದು ಪದಕ್ಕೇ ಒಂದು ಪೂರ್ತಿ ಹಾಳೆ ಖರ್ಚಾಯಿತು.

ಆ ಕೊನೆಯ ಕಾರ್ಡು ಬರೆಯುವಾಗ ನನಗೊಂದು ಹೊಳೆಯಿತು. ಅಜ್ಜಿಗೆ ಕಿವಿ ಸ್ವಲ್ಪ ಮಂದ. ದಿನಾ ಲಿಫ್ಟಿನಲ್ಲಿ ಸಿಕ್ಕಾಗ ನನಗೆ ಹೇಳುವುದು ಒಂದೇ ಮಾತು, ‘ವೊರ್ಬೆಶ್ತೆ ಮಾಯ್ ತಾರೆ, ಮಾಮ’. ಗಟ್ಟಿಯಾಗಿ ಮಾತಾಡಪ್ಪಾ. ಇಲ್ಲಿಯ ಅಜ್ಜಿಯರು ಚಿಕ್ಕವರನ್ನು ಅಮ್ಮಾ ಅಂತ ಕರೆಯುತ್ತಾರೆ, ನಮ್ಮಲ್ಲಿ ಅಪ್ಪಾ, ಅಮ್ಮಾ ಅನ್ನುವ ಹಾಗೇ. ಮೂರು ವರ್ಷದಿಂದ ತಾರೆ ಅಂದರೆ ‘ಜೋರಾಗಿ’ ಅಂತ ಮಾತ್ರ ನನ್ನ ತಲೆಯಲ್ಲಿ ಕೂತಿತ್ತು. ಆದರೆ ಕನ್ನಡದ ‘ಗಟ್ಟಿ’ ಇಟ್ಟು ನೋಡಿ. ಗಟ್ಟಿ ರೊಟ್ಟಿ, ಗಟ್ಟಿ ಆಳು, ಗಟ್ಟಿಯಾಗಿ ಮಾತಾಡು. ಮೂರಕ್ಕೂ ಇಲ್ಲಿ ತಾರೆ. ಇಂಗ್ಲಿಷ್‌ನಲ್ಲಿ ಹಾರ್ಡ್, ಸ್ಟ್ರಾಂಗ್, ಲೌಡ್ ಅಂತ ಮೂರು ಕಾರ್ಡು ಬೇಕು. ಕನ್ನಡದಲ್ಲಿ ಒಂದೇ ಸಾಕು. ಇಂಗ್ಲಿಷ್ ಮೂಲಕ ರೊಮೇನಿಯನ್ ಕಲಿಯಲು ಹೋಗಿ ಮೂರು ವರ್ಷ ಸುತ್ತು ಹೊಡೆದಿದ್ದೆ.

ಅವತ್ತಿನಿಂದ ಪ್ರತಿ ಕಾರ್ಡಿನ ಹಿಂದೆ, ಕೆಳಗೆ, ಪೆನ್ಸಿಲ್‌ನಲ್ಲಿ ಒಂದು ಕನ್ನಡ ಪದ ಬರೆಯಲು ಶುರು ಮಾಡಿದೆ. ಅದು ನನಗೆ. ಹುಡುಗಿ ಅಕ್ಷರ ನೋಡಿ ‘ಕೊವ್ರಿಗ್ ಥರ ಇದೆ’ ಅಂದಳು. ಕೊವ್ರಿಗ್ ಅಂದರೆ ಇಲ್ಲಿ ಬೀದಿಯಲ್ಲಿ ಮಾರುವ ಬಳೆಯಂಥ ಬ್ರೆಡ್ಡು.

ಎರಡನೇ ಲಾಭ ಅದೇ ದಿನ ಆಯಿತು. ‘ಮ್ಯಾನೇಜ್’ ಕಾರ್ಡಿನ ಹಿಂದೆ ನಾನು ಆಡಳಿತ ಮಾಡು ಅನ್ನುವ ಪದ ಹಾಕಿದ್ದೆ. ನಿಘಂಟಿನಲ್ಲಿ ಅದೇ ಮೊದಲು ಇತ್ತು. ಹುಡುಗಿ ಅದನ್ನು ಹೊಡೆದು ‘ಆ ಸೆ ದೆಸ್ಕುರ್ಕಾ’ ಅಂತ ಬರೆದಳು. ‘ಇನ್‌ಕುರ್ಕಾ’ ಅಂದರೆ ದಾರ ಸಿಕ್ಕಾಗಿಸುವುದು, ‘ದೆಸ್ಕುರ್ಕಾ’ ಅಂದರೆ ಸಿಕ್ಕು ಬಿಡಿಸುವುದು. ಹೇಗಿದ್ದೀಯಾ ಅಂದರೆ ‘ಮ ದೆಸ್ಕುರ್ಕ್’, ಹೇಗೋ ನಡೀತಿದೆ. ನಮ್ಮ ಸಿಕ್ಕು, ತೊಡಕು ಎಲ್ಲ ದಾರದ ಪದಗಳೇ ಅಲ್ವಾ? ಈ ಕಾರ್ಡು ನನಗೆ ಮತ್ತೆ ಮರೆಯಲಿಲ್ಲ.

ಫೆಬ್ರವರಿ 15. ಕಿವಿ ಮೇಲೆ ಹೂ

ಕನ್ನಡ ಎರಡು ಸಲ ಕೈಹಿಡಿಯಿತು ಅಂತ ಬೀಗುವ ಹೊತ್ತಿಗೆ ಮೂರನೇ ಸಲ ಕೈಕೊಟ್ಟಿತು. ನಿಜ ಹೇಳಬೇಕೆಂದರೆ ಮೊದಲೇ ಕೊಟ್ಟಿತ್ತು, ನನಗೆ ಗೊತ್ತಿರಲಿಲ್ಲ.

ಇಳಿಸಿಕೊಂಡ ಒಂದು ಫೈಲಿನಲ್ಲಿ ‘ಫ್ಲೊಆರೆ ಲಾ ಉರೇಕೆ’ ಅಂತ ಇತ್ತು. ಎದುರಿನ ಅರ್ಥದ ಸಾಲು ಖಾಲಿ. ಫ್ಲೊಆರೆ ಅಂದರೆ ಹೂ, ಉರೇಕೆ ಅಂದರೆ ಕಿವಿ. ಕಿವಿ ಮೇಲೆ ಹೂ! ಇದಕ್ಕೆ ನಿಘಂಟು ಯಾಕೆ ಬೇಕು? ‘ಒಬ್ಬರನ್ನು ಮೋಸ ಮಾಡು’ ಅಂತ ಇಂಗ್ಲಿಷ್‌ನಲ್ಲಿ ಬರೆದು ಪ್ರಿಂಟ್ ಹಾಕಿಸಿಬಿಟ್ಟಿದ್ದೆ.

ಹುಡುಗಿ ಆ ಕಾರ್ಡು ಹಿಡಿದು ನನ್ನ ಮುಖ ನೋಡಿದಳು. ಅಜ್ಜಿಗೆ ಓದಿ ಹೇಳಿದಳು. ಅಜ್ಜಿ ಕಣ್ಣೀರು ಬರುವಷ್ಟು ನಕ್ಕರು. ಇಲ್ಲಿ ಕಿವಿ ಮೇಲಿನ ಹೂ ಅಂದರೆ ತೀರಾ ಸುಲಭದ ಕೆಲಸ. ಜಾಸ್ತಿ ಬಳಸುವುದು ‘ಅಲ್ಲ’ ಸೇರಿಸಿ: ‘ನು ಯೆ ಫ್ಲೊಆರೆ ಲಾ ಉರೇಕೆ’. ಅದೇನು ಬಾಳೆಹಣ್ಣು ಸುಲಿದಷ್ಟು ಸುಲಭ ಅಲ್ಲ ಅಂತ. ಇಂಗ್ಲಿಷ್ ಮಗ್ಗುಲಿಗೆ ‘ಇಟ್ಸ್ ನೋ ಪಿಕ್‌ನಿಕ್’ ಹಾಕಿದೆವು. ನಮ್ಮ ಕಡೆ ಕಿವಿ ಮೇಲೆ ಹೂ ಇಟ್ಟರೆ ಏನರ್ಥ ಅಂತ ವಿವರಿಸಿದೆ. ಈಗ ನಾನು ಏನಾದರೂ ಜಾಸ್ತಿ ಹೇಳಿದರೆ ಅಜ್ಜಿ ಸುಮ್ಮನೆ ಕಿವಿ ಮುಟ್ಟಿಕೊಳ್ಳುತ್ತಾರೆ.

ಅದೇ ಸಂಜೆ ಸಿಕ್ಕಿದ ಬೇರೆ ತಪ್ಪುಗಳು, ಸಿಕ್ಕಿದ ಹಾಗೇ ಬರೆಯುತ್ತೇನೆ.

ಹಾರ್ಡ್ಲಿ. ನನ್ನ ಕಾರ್ಡಿನಲ್ಲಿ ‘ಕು ಗ್ರೆಉ’ ಅಂತ ಇತ್ತು, ಅಂದರೆ ಕಷ್ಟಪಟ್ಟು. ಇದು ಪರೀಕ್ಷೆಯಲ್ಲಿ ಮಾನ ಕಳೆಯುವ ತಪ್ಪು. ‘ಕಷ್ಟಪಟ್ಟು ಓದಿದೆ’ ಅನ್ನಲು ಹೋಗಿ ‘ಐ ಹಾರ್ಡ್ಲಿ ಸ್ಟಡೀಡ್’ ಅಂತ ಬರೆದರೆ ‘ಪುಸ್ತಕ ಮುಟ್ಟಿದ್ದೇ ಅಪರೂಪ’ ಅಂತ ಅರ್ಥ. ಹಾರ್ಡ್ಲಿಗೆ ಸರಿಯಾದದ್ದು ‘ಅಬಿಯಾ’ ಅಥವಾ ‘ಅಪ್ರೊಆಪೆ ದೆಲೋಕ್’. ಹುಡುಗಿಯ ಹಳೇ ಪ್ರಬಂಧದಲ್ಲಿ ಇದೇ ತಪ್ಪು ಎರಡು ಕಡೆ ಇತ್ತು. ಈ ಒಂದು ಕಾರ್ಡಿಗೇ ಪೆಟ್ಟಿಗೆಯ ದುಡ್ಡು ಹುಟ್ಟಿತು ಅನ್ನಬೇಕು.

ಚಾಲೆಂಜಿಂಗ್. ಚಾಲೆಂಜ್ ಅಂದರೆ ‘ಪ್ರೊವೊಕಾರೆ’, ಅದು ಸರಿ. ಹಾಗಾದರೆ ಚಾಲೆಂಜಿಂಗ್ ಅಂದರೆ ‘ಪ್ರೊವೊಕಾತೋರ್’ ಅಂತ ನಾನೇ ಕಟ್ಟಿಬಿಟ್ಟಿದ್ದೆ. ಪ್ರೊವೊಕಾತೋರ್ ಅಂದರೆ ಕೆಣಕುವಂಥದ್ದು. ಬಟ್ಟೆಗೂ ಹೇಳುತ್ತಾರೆ. ನನ್ನ ಕಾರ್ಡಿನ ಉದಾಹರಣೆ ‘ಎ ಚಾಲೆಂಜಿಂಗ್ ಜಾಬ್’. ಹುಡುಗಿ ಕೆಂಪಾದಳು, ನಾನು ಕಾರ್ಡು ಹರಿದೆ. ‘ಸೊಲಿಚಿತಾಂತ್’ ಹಾಕಬಹುದು, ಆದರೆ ಅದರಲ್ಲಿ ಸುಸ್ತು ಜಾಸ್ತಿ, ಉತ್ಸಾಹ ಇಲ್ಲ. ನಮ್ಮ ಆಫೀಸಿನಲ್ಲಿ ರೊಮೇನಿಯನ್ ಮಾತಾಡುವಾಗಲೂ ಎಲ್ಲರೂ ಚಾಲೆಂಜಿಂಗ್ ಅಂತಲೇ ಅನ್ನುತ್ತಾರೆ, ಬೆಂಗಳೂರಿನಲ್ಲಿ ನಾವು ಅಂದ ಹಾಗೆ. ಈ ಕಾರ್ಡು ಖಾಲಿ ಬಿಟ್ಟೆ.

ಫೇಸ್. ‘ಫೇಸ್ ಡಿಫಿಕಲ್ಟೀಸ್’ ಕಾರ್ಡಿನ ಹಿಂದೆ ‘ಆ ಫಾಚೆ ಫಾತ್ಸ’. ಈ ಫಾಚೆ ಬರೆಯುವುದು ಇಂಗ್ಲಿಷ್ ಫೇಸ್‌ನ ಅದೇ ನಾಲ್ಕು ಅಕ್ಷರದಲ್ಲಿ. ಅದರ ಅರ್ಥ ‘ಮಾಡು’, ಮುಖ ಅನ್ನುವುದು ಪಕ್ಕದ ಫಾತ್ಸ. ನಾನು ಎರಡನ್ನೂ ಗೊಂದಲ ಮಾಡಿಕೊಂಡು ಓದಿದ್ದೆ. ಮೇಲಾಗಿ ಇಡೀ ಮಾತಿನ ಅರ್ಥ ಕಷ್ಟ ಎದುರಾಗುವುದಲ್ಲ, ಎದುರಾದ ಕಷ್ಟವನ್ನು ತಾಳಿಕೊಂಡು ನಿಭಾಯಿಸುವುದು. ಅದನ್ನು ‘ಕೋಪ್ ವಿತ್’ ಕಾರ್ಡಿಗೆ ವರ್ಗಾಯಿಸಿದೆ.

ಹರ್ಡಲ್. ಪಟ್ಟಿಯಲ್ಲಿ ಒಬ್‌ಸ್ತಾಕೊಲ್, ಅದು ನಡೆಯುತ್ತದೆ. ಆದರೆ ಟಿವಿಯಲ್ಲಿ ಓಟದ ಸ್ಪರ್ಧೆಗೆ ‘110 ಮೇತ್ರಿ ಗಾರ್ದುರ್’ ಅನ್ನುತ್ತಾರೆ. ಗಾರ್ದ್ ಅಂದರೆ ಬೇಲಿ. ಬೇಲಿ ಹಾರುವ ಓಟ. ಇದನ್ನು ಸೇರಿಸಿದ್ದು ಪರೀಕ್ಷೆಗಲ್ಲ, ಇಷ್ಟವಾಯಿತು ಅಂತ.

ಟ್ರಬಲ್. ಬೆಲ್ಯಾ ಅಂತ ಬರೆದದ್ದಕ್ಕೆ ಅಜ್ಜಿ ಮೂಗು ಮುರಿದರು. ಅದು ಮನೆಮಾತು, ಪರೀಕ್ಷೆಯವರ ಮುಂದೆ ಬೇಡ, ‘ನೆಕಾಜ್’ ಬರಿ ಅಂದರು. ಬೆಲ್ಯಾ ಬಂದದ್ದು ಟರ್ಕಿಯಿಂದ. ಹಿಂದಿ-ಉರ್ದುವಿನ ‘ಬಲಾ’ಗೂ ಇದಕ್ಕೂ ಅರಬ್ಬಿ ಮೂಲ ಒಂದೇ. ಎರಡನ್ನೂ ಉಳಿಸಿದೆ, ಬೆಲ್ಯಾ ಪಕ್ಕ ಒಂದು ಮನೆಯ ಚಿತ್ರ ಹಾಕಿ.

ಹಾರ್ಡ್ ಅಪ್. ಕೈಯಲ್ಲಿ ಕಾಸಿಲ್ಲದ ಸ್ಥಿತಿ. ಇದಕ್ಕೆ ಅಜ್ಜಿ ಕೊಟ್ಟದ್ದು ‘ಆ ತ್ರಾಜೆ ಮಿತ್ಸಾ ದೆ ಕೊಆದ’, ಬೆಕ್ಕಿನ ಬಾಲ ಎಳೆಯುವುದು. ಯಾಕೆ ಬೆಕ್ಕು ಅಂತ ಕೇಳಿದೆ. ‘ಬೇರೆ ಏನೂ ಇಲ್ಲವಲ್ಲ ಎಳೆಯೋಕೆ’ ಅಂದರು.

ಫೆಬ್ರವರಿ 22. ಮೂರನೇ ಪ್ರಿಂಟು

ಹಳೇ 96ರಲ್ಲಿ 31 ಪದ ತೆಗೆದುಹಾಕಿದೆ. ಬೇರೆ ಪದಗಳು ಒಡೆದು ಹೆಚ್ಚಾದವು. ಒಟ್ಟು 120, ಹದಿನೈದು ಹಾಳೆ, 30 ಲೇಯ್. ಕಾರ್ಡಿನ ರೂಪವನ್ನೇ ಬದಲಿಸಿದೆ. ಮುಂದೆ ಒಂಟಿ ಪದ ಇಲ್ಲ. ಖಾಲಿ ಜಾಗ ಬಿಟ್ಟ ಒಂದು ಇಂಗ್ಲಿಷ್ ವಾಕ್ಯ, ಕೆಳಗೆ ಮೂಲಪದ. ಪರೀಕ್ಷೆಯ ಪದರಚನೆ ಭಾಗದಲ್ಲೂ ಹಾಗೇ ಕೇಳುತ್ತಾರೆ: ಹಾರ್ಡ್ ಕೊಟ್ಟು ವಾಕ್ಯಕ್ಕೆ ಹಾರ್ಡ್‌ಶಿಪ್ ಹೊಂದಿಸು ಅಂತ. ಹಿಂದೆ ಉತ್ತರ, ಅದೇ ಮಾತು ರೊಮೇನಿಯನ್ ವಾಕ್ಯದಲ್ಲಿ, ಬೇಕಾದ ಪದದ ಕೆಳಗೆ ಗೆರೆ. ಗ್ರೆಉ ಬಂದ ಕಡೆಯೆಲ್ಲ ಅದರ ನಾಲ್ಕು ರೂಪ: ಗ್ರೆಉ, ಗ್ರೆಆ, ಗ್ರೇಯ್, ಗ್ರೆಲೆ. ಇದು ನನಗೋಸ್ಕರ, ಹುಡುಗಿಗೆ ಬೇಕಿಲ್ಲ.

ಅವಳಿಗೋಸ್ಕರ ಸೇರಿಸಿದ್ದು ‘ಡಿಫಿಕಲ್ಟಿ’ಯ ಒಂದು ಕಾರ್ಡು. ‘ಐ ಹ್ಯಾಡ್ ಡಿಫಿಕಲ್ಟಿ ಟು ಅಂಡರ್‌ಸ್ಟ್ಯಾಂಡ್’ ಅಂತ ಬರೆಯುತ್ತಿದ್ದಳು. ‘ಡಿಫಿಕಲ್ಟಿ ಅಂಡರ್‌ಸ್ಟ್ಯಾಂಡಿಂಗ್’ ಆಗಬೇಕು. ಆದರೆ ಡಿಫಿಕಲ್ಟ್ ಬಂದರೆ ‘ಡಿಫಿಕಲ್ಟ್ ಟು ಅಂಡರ್‌ಸ್ಟ್ಯಾಂಡ್’. ಎರಡೂ ವಾಕ್ಯ ಒಂದೇ ಕಾರ್ಡಿನ ಮೇಲೆ, ಒಂದರ ಕೆಳಗೆ ಒಂದು.

ಅಕ್ಷರಶೈಲಿಯೂ ಬದಲಾಯಿತು. ಮೊದಲಿನದರಲ್ಲಿ ಕಾಮಾ ಇರುವ ಅಕ್ಷರಗಳು ಇರಲಿಲ್ಲ. ಆ ಜಾಗಕ್ಕೆ ಬೇರೆ ಶೈಲಿಯ ಅಕ್ಷರ ಬಂದು ಕೂರುತ್ತಿತ್ತು, ಮದುವೆ ಫೋಟೋದಲ್ಲಿ ಯಾರೋ ದಾರಿಹೋಕ ನಿಂತ ಹಾಗೆ. ಪರದೆಯ ಮೇಲೆ ಗಮನಿಸಿರಲಿಲ್ಲ, ಕಾಗದದ ಮೇಲೆ ಎದ್ದು ಕಂಡಿತು.

105 ಕಡಿತ. ಹೆಬ್ಬೆರಳಿಗೆ ಒಂದು ಬ್ಯಾಂಡೇಜು, ಅದರ ಲೆಕ್ಕ ಹಿಡಿದಿಲ್ಲ.

ಮಾರ್ಚ್ 1. ಕೊಟ್ಟದ್ದು

ಇವತ್ತು ಇಲ್ಲಿ ಮರ್ತ್ಸಿಶೋರ್. ಚಳಿಗಾಲ ಮುಗಿಯಿತು ಅಂತ ಹೆಣ್ಣುಮಕ್ಕಳಿಗೆ ಕೆಂಪು-ಬಿಳಿ ಹೊಸೆದ ದಾರ ಕೊಡುತ್ತಾರೆ. ಪೆಟ್ಟಿಗೆಗೆ ಅದೇ ದಾರ ಕಟ್ಟಿ ಕೆಳಗೆ ತಗೊಂಡು ಹೋದೆ. ಅಜ್ಜಿಗೆ ಬೇರೆ ಒಂದು.

ಮೊದಲ ಸುತ್ತಿನಲ್ಲಿ ಹುಡುಗಿ 117ರಲ್ಲಿ 71 ಸರಿ ಹೇಳಿದಳು. ನಾನು ರೊಮೇನಿಯನ್ ಕಡೆಯಿಂದ 38. ಅಜ್ಜಿ ಅಂಕ ಬರೆದುಕೊಂಡರು. ನನ್ನದನ್ನು ನೋಡಿ ‘ಮೆರ್ಜೆ ಗ್ರೆಉ’ ಅಂದರು. ನಡೀತಿದೆ, ಆದರೆ ಭಾರವಾಗಿ.

ಲೆಕ್ಕ ಒಂದೇ ಕಡೆ: ಹಾಳೆ 44, ಕಟ್ಟರ್ 69, ಲ್ಯಾಮಿನೇಷನ್ 15, ಪ್ರಿಂಟು 24 ಮತ್ತೆ 24 ಮತ್ತೆ 30, ಫೋಮ್ ಬೋರ್ಡು 19.

ಬಾಕಿ ಇರುವುದು ಮೂರು ಕಾರ್ಡು: ಚಾಲೆಂಜಿಂಗ್, ಟ್ರಿಕಿ, ಸೆಟ್‌ಬ್ಯಾಕ್. ಟ್ರಿಕಿಗೆ ಹುಡುಗಿ ಒಂದು ಹೇಳುತ್ತಾಳೆ, ಅಜ್ಜಿ ಇನ್ನೊಂದು ಹೇಳುತ್ತಾರೆ, ನಿಘಂಟು ಮೂರನೆಯದು ಹೇಳುತ್ತದೆ. ನಲವತ್ತು ಹಾಳೆಯಲ್ಲಿ ಉಳಿದಿರುವುದು ಒಂದೇ. ಅಂದರೆ ಎಂಟು ಕಾರ್ಡು. ಮೂರಕ್ಕೆ ಜಾಗ ಆಯಿತು, ಇನ್ನೈದು ಏನು ಹಾಕುವುದು ಅಂತ ಅಜ್ಜಿ ಆಗಲೇ ಪಟ್ಟಿ ಮಾಡಿಟ್ಟಿದ್ದಾರೆ, ಟೊಪ್ಪಿ ಇಟ್ಟ ಹಳೇ ಐನಲ್ಲಿ. ಬರುವ ಶನಿವಾರ ಕೂರುತ್ತೇವೆ. ಪ್ರಿಂಟಿಗೆ ಕೊಡುವ ಮುಂಚೆ ಪೆನ್ಸಿಲ್‌ನಲ್ಲಿ ಬರೆದು ಇಬ್ಬರಿಗೂ ತೋರಿಸುತ್ತೇನೆ.